ಬುಡದ ಬಣ್ಣ

ಕುಶಾಲನಗರ
11 ಆಗಸ್ಟ್ 2024, ಭಾನುವಾರ

ಮಾಲೀಕರಿಗೆ,
ಗಂಗಾ ಬ್ಯೂಟಿ ಪಾರ್ಲರ್, ಕಕ್ಕಬೆ

ಮಾನ್ಯರೇ,

ಮೊದಲೇ ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ಇದು ಅಪ್ಪ ಮಗಳಿಗೆ ಬರೆದ ಪತ್ರವಲ್ಲ. ಅಪ್ಪ ಎರಡು ವರ್ಷದ ಹಿಂದೆ, ಮಗಳು ಮೈಸೂರಿನಲ್ಲಿ ಕನ್ನಡ ಎಂ.ಎ.ಯನ್ನು ಅರ್ಧಕ್ಕೆ ಬಿಟ್ಟು ಬ್ಯೂಟಿಷಿಯನ್ ಕೋರ್ಸಿಗೆ ಸೇರಿದೆ ಎಂದು ಬಂದು ಹೇಳಿದ ದಿನ, "ಇನ್ನು ನಿನ್ನ ಹತ್ರ ನಂಗೆ ಮಾತಿಲ್ಲ" ಎಂದಿದ್ದಾನೆ. ಕನ್ನಡ ಮೇಷ್ಟ್ರು ಬೇರೆ, ಮಾತಿಗೆ ತಪ್ಪುವ ಹಾಗಿಲ್ಲ. ಆದ್ದರಿಂದ ಫೋನ್ ಮಾಡುವುದಿಲ್ಲ. ವಾಟ್ಸಾಪಿನಲ್ಲಿ ಎರಡು ನೀಲಿ ಗೆರೆ ಬಿದ್ದರೂ ಅದು ಮಾತಾಡಿದ ಹಾಗೆಯೇ ಎಂದು ಅವನ ಅಭಿಪ್ರಾಯ. ಆದರೆ ಒಬ್ಬ ಗ್ರಾಹಕ ಒಂದು ಅಂಗಡಿಗೆ ಅಂಚೆಯಲ್ಲಿ ವಿಚಾರಿಸಿದರೆ ಅದನ್ನು ಮಾತು ಎಂದು ಯಾವ ವ್ಯಾಕರಣವೂ ಹೇಳುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ವಿಷಯ ತಲೆಯ ಮೇಲೇ ಇದೆ.

ನವೆಂಬರ್ ಮೂವತ್ತಕ್ಕೆ ನಾನು ನಿವೃತ್ತನಾಗುತ್ತೇನೆ. ಅಂದು ಕಾಲೇಜಿನಲ್ಲಿ ಬೀಳ್ಕೊಡುಗೆ. ಪ್ರಿನ್ಸಿಪಾಲ್ ಪರಮೇಶಪ್ಪನವರು ಫೋಟೋ ತೆಗೆಸಿ, ಕಟ್ಟು ಹಾಕಿಸಿ, ಸ್ಟಾಫ್ ರೂಮಿನ ಗೋಡೆಗೆ ನೇತುಹಾಕುವವರಿದ್ದಾರೆ. ಮೂವತ್ತು ವರ್ಷ ಪಾಠ ಮಾಡಿದವನನ್ನು ನೇಣಿಗೆ ಹಾಕುವ ಪದ್ಧತಿ ನಮ್ಮಲ್ಲಿ ಹೀಗೆ. ನೇತಾಡುವಾಗ ಚೆನ್ನಾಗಿ ಕಾಣಬೇಕೆಂಬುದಷ್ಟೇ ನನ್ನ ಆಸೆ. ಯಾವಾಗಲೂ ಕಪ್ಪು ಹಚ್ಚುತ್ತಿದ್ದವನು, ಈ ವಯಸ್ಸಿಗೆ ಕಾಗೆಗಪ್ಪು ಸುಳ್ಳು ಅನ್ನಿಸುತ್ತದೆ, ಕಂದು ಬಣ್ಣವಾದರೆ ಅರ್ಧ ಸತ್ಯವಾದೀತು ಎಂದು ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ತಂದು, ಬುಡದಿಂದ ತುದಿಯವರೆಗೆ ಹಚ್ಚಿ, ಹೇಳಿದ್ದಕ್ಕಿಂತ ಹತ್ತು ನಿಮಿಷ ಹೆಚ್ಚೇ ಕೂತೆ.

ತೊಳೆದ ಮೇಲೆ ನೋಡಿದರೆ ತುದಿ ಹಿಂದಿನ ಹಾಗೇ ಕಪ್ಪು. ಬುಡ ಮಾತ್ರ ಒಂದು ಬೆರಳಿನಷ್ಟು ಕಿತ್ತಳೆ. ಒಳಗೆ ಯಾರೋ ದೀಪ ಹಚ್ಚಿಟ್ಟ ಹಾಗೆ ಹೊಳೆಯುತ್ತದೆ. ಹಿಂದಲೆಯಲ್ಲಿ, ನನ್ನ ಕೈಗೆ ಎಟುಕದ ಕಡೆ, ಒಂದು ಅಂಗೈಯಗಲ ಬೆಳ್ಳಗೇ ಉಳಿದಿದೆಯಂತೆ. ನಾನು ನೋಡಿಲ್ಲ. ನನ್ನ ತಾಯಿ ರಂಗಮ್ಮನವರು ನೋಡಿ, "ಏನ್ ಮಗ, ಒಲೆ ಮ್ಯಾಲೆ ಮಡಿಕೆ ಕವುಚಿದಂಗೆ ಅದಲ್ಲೋ" ಎಂದರು. ಸಂಧಿ ಪಾಠ ಮಾಡುವಾಗ ಹುಡುಗರು ನಕ್ಕರು. ನೆತ್ತಿಯಲ್ಲಿ ಲೋಪಸಂಧಿ ಮೊದಲೇ ಆಗಿತ್ತು; ಈಗ ಬುಡದಲ್ಲಿ ಆದೇಶಸಂಧಿ.

ಇನ್ನೊಂದು ನಷ್ಟವೂ ಆಗಿದೆ. ಬಣ್ಣ ಹಚ್ಚುವಾಗಲೆಲ್ಲ ನಾನು ಹಾಕಿಕೊಳ್ಳುತ್ತಿದ್ದ ನೀಲಿ ಗೆರೆಯ ಹಳೆ ಶರ್ಟು ಎರಡು ವರ್ಷದಿಂದ ಕಾಣುತ್ತಿಲ್ಲ. ಅಮ್ಮ ಅದನ್ನು ನೆಲ ಒರೆಸುವ ಬಟ್ಟೆ ಮಾಡಿದ್ದಾರೆಂದು ನನ್ನ ಅನುಮಾನ. ಹೀಗಾಗಿ ಒಂದು ಒಳ್ಳೆಯ ಶರ್ಟಿನ ಕಾಲರು ಹಾಳಾಯಿತು.

ದಯವಿಟ್ಟು ಪರಿಹಾರ ತಿಳಿಸುವುದು. ತಮ್ಮ ಅಂಗಡಿಯ ಹೆಸರು ನನಗೆ ಪರಿಚಯದ್ದು. ನಮ್ಮ ಮನೆಯ ಗಂಗೆ, ನನ್ನ ಹೆಂಡತಿ, ಬದುಕಿದ್ದಷ್ಟು ದಿನ ಈ ತಲೆ ಸುಖವಾಗಿತ್ತು.

ಇತಿ,
ಚಿದಾನಂದ
(ಒಬ್ಬ ಗ್ರಾಹಕ)


ಕಕ್ಕಬೆ
22 ಆಗಸ್ಟ್ 2024

ಮಾನ್ಯ ಗ್ರಾಹಕರೇ,

ತಮ್ಮ ಪತ್ರ ತಲುಪಿತು. ಪೋಸ್ಟ್‌ಮ್ಯಾನ್ ಮಳೆಯಲ್ಲಿ ಒದ್ದೆಯಾಗದ ಹಾಗೆ ಅಂಗಿಯ ಒಳಗಿಟ್ಟುಕೊಂಡು ತಂದುಕೊಟ್ಟರು. ಅಕ್ಷರ ನೋಡಿದ ಕೂಡಲೇ ಗ್ರಾಹಕರು ಯಾರೆಂದು ಗೊತ್ತಾಯಿತು. ಒತ್ತಕ್ಷರವನ್ನು ಅಷ್ಟು ದುಂಡಗೆ ಬರೆಯುವ ಗ್ರಾಹಕರು ಈ ಅಂಗಡಿಗೆ ಬೇರೆ ಯಾರೂ ಇಲ್ಲ. ಆದರೆ ಅಂಗಡಿ ಅಂಗಡಿಯೇ. ಕಾರಣ ಮೊದಲು, ಪರಿಹಾರ ಆಮೇಲೆ.

ಕಾರಣ: ತಲೆಬಿಸಿ. ತಮಾಷೆಯಲ್ಲ, ನಿಜವಾಗಿಯೂ. ನೆತ್ತಿಯ ಕಾವಿಗೆ ಬುಡದಲ್ಲಿ ಬಣ್ಣ ಬೇಗ ಕೆಲಸ ಮಾಡುತ್ತದೆ. ಬುಡದಲ್ಲಿರುವುದು ಹೊಸ ಬಿಳಿಗೂದಲು. ಕೊಟ್ಟ ಬಣ್ಣವನ್ನು ಕೊಟ್ಟ ಹಾಗೇ ತೋರಿಸಿಬಿಡುತ್ತದೆ. ತುದಿಯಲ್ಲಿರುವುದು ವರ್ಷಗಟ್ಟಲೆ ಕುಡಿದ ಕಪ್ಪು. ಕಪ್ಪಿನ ಮೇಲೆ ಕಂದು ಹಚ್ಚಿದರೆ ಕಂದು ಕಾಣುವುದಿಲ್ಲ. ಹೊಸದಕ್ಕೂ ಹಳೆಯದಕ್ಕೂ ಒಂದೇ ಬಟ್ಟಲಿನಿಂದ ಒಂದೇ ಹೊತ್ತಿಗೆ ಬಡಿಸಿದ್ದೇ ತಪ್ಪು.

ಈಗ ಮಾಡಬೇಕಾದದ್ದು: ಏನೂ ಮಾಡಬೇಡಿ. ಗಾಬರಿಯಲ್ಲಿ ಮೇಲಿಂದ ಮೇಲೆ ಇನ್ನೊಂದು ಬಣ್ಣ ಹಚ್ಚುವುದು ಎಲ್ಲರೂ ಮಾಡುವ ಕೆಲಸ. ಕೂದಲಿಗೆ ಎರಡು ಮೂರು ವಾರ ಬಿಡುವು ಕೊಡಿ, ಎಣ್ಣೆ ಹಾಕಿ. ಆಮೇಲೆ ಮೊದಲಿಗಿಂತ ಒಂದು ಮೆಟ್ಟಿಲು ಗಾಢವಾದ ಬಣ್ಣವನ್ನು ಬುಡಕ್ಕೆ ಮಾತ್ರ ತೆಳ್ಳಗೆ ಹಚ್ಚಿ, ಅರ್ಧ ಹೊತ್ತಿಗೇ ಒಂದು ಎಳೆ ಒರೆಸಿ ನೋಡಬೇಕು. ಹಿಂದಲೆಗೆ ಇನ್ನೊಬ್ಬರ ಕೈ ಬೇಕು. ಅದಕ್ಕೆ ಬೇರೆ ಉಪಾಯ ಈವರೆಗೆ ಯಾರೂ ಕಂಡುಹಿಡಿದಿಲ್ಲ. ಸದ್ಯಕ್ಕೆ ಈ ವಿಷಯವನ್ನು ತಲೆಗೆ ಹಚ್ಚಿಕೊಳ್ಳಬೇಡಿ, ಎರಡೂ ಅರ್ಥದಲ್ಲಿ.

ಇಲ್ಲಿ ಮಳೆ ನಿಂತಿಲ್ಲ. ಮಧ್ಯಾಹ್ನ ತಡಿಯಂಡಮೋಳು ಬೆಟ್ಟದ ಕಡೆಯಿಂದ ಮಂಜು ಇಳಿದು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಕೇಳದೇ ಒಳಗೆ ಬರುತ್ತದೆ. ಕನ್ನಡಿ ಬೆಳ್ಳಗಾಗುತ್ತದೆ. ಆಗ ಎದುರು ಕೂತವರಿಗೆ ತಮ್ಮ ಕೂದಲಿನ ಬಣ್ಣವೂ ಕಾಣುವುದಿಲ್ಲ, ವಯಸ್ಸೂ ಕಾಣುವುದಿಲ್ಲ. ಒರೆಸೋದು ಬೇಡ, ಹಾಗೇ ಇರಲಿ ಅನ್ನುತ್ತಾರೆ.

ಇತಿ,
ಶೋಭಿತಾ
(ಮಾಲೀಕಳು, ಕೆಲಸದವಳು, ಕಸ ಗುಡಿಸುವವಳು)

ತಾ.ಕ.: ಅಜ್ಜಿಯ ಮಂಡಿನೋವು ಹೇಗಿದೆ ಎಂದು ಗ್ರಾಹಕರನ್ನು ಕೇಳುವ ಪದ್ಧತಿ ನಮ್ಮ ಅಂಗಡಿಯಲ್ಲಿಲ್ಲ. ಆದ್ದರಿಂದ ಕೇಳಿಲ್ಲ.


ಕುಶಾಲನಗರ
15 ಸೆಪ್ಟೆಂಬರ್ 2024

ಮಾಲೀಕರೇ,

ಕೇಳದ ಪ್ರಶ್ನೆಗೆ ಉತ್ತರ: ಮಂಡಿನೋವು ಎಡಗಾಲಿನಿಂದ ಬಲಗಾಲಿಗೆ ವರ್ಗವಾಗಿದೆ. ಬಾಯಿಗೆ ನೋವಿಲ್ಲ.

ತಾವು ಹೇಳಿದಂತೆ ಏನೂ ಮಾಡದೆ ಇದ್ದೇನೆ. ಸರ್ಕಾರಿ ನೌಕರನಿಗೆ ಅದು ಕಷ್ಟವಾಗಲಿಲ್ಲ. ಕಿತ್ತಳೆಯ ಕೆಳಗೆ ಈಗ ಹೊಸ ಬಿಳಿ ಮೊಳೆಯುತ್ತಿದೆ. ಕೆಳಗಿನಿಂದ ಮೇಲಕ್ಕೆ ಓದಿದರೆ ಬಿಳಿ, ಕಿತ್ತಳೆ, ಕಪ್ಪು. ನನ್ನ ತಲೆಯನ್ನು ಮರದ ದಿಮ್ಮಿಯ ಹಾಗೆ ಅಡ್ಡ ಕೊಯ್ದರೆ ಯಾವ ತಿಂಗಳಲ್ಲಿ ಯಾವ ತಪ್ಪು ಮಾಡಿದೆ ಎಂದು ಉಂಗುರ ಎಣಿಸಿ ಹೇಳಬಹುದು.

ಮೊನ್ನೆ ಕಿರುಪರೀಕ್ಷೆಗೆ ಮೇಲ್ವಿಚಾರಕನಾಗಿ ಕೂತಿದ್ದೆ. ಹೊರಗೆ ಸಣ್ಣ ಸೋನೆ, ಒಳಗೆ ನಲವತ್ತು ಪೆನ್ನುಗಳ ಕರಕರ. ಕಣ್ಣು ಮುಚ್ಚಿದ್ದು ಎರಡು ನಿಮಿಷವಿರಬಹುದು, ಕನಸು ಮಾತ್ರ ಉದ್ದವಾಗಿತ್ತು. ನನ್ನ ತಲೆಯೇ ಒಂದು ಕಾಫಿ ತೋಟ. ಹೂಮಳೆ ಬಿದ್ದು ಎಂಟು ದಿನವಾಗಿ, ಗಿಡಗಳೆಲ್ಲ ಬುಡದಿಂದ ಬೆಳ್ಳಗೆ ಹೂಬಿಟ್ಟಿವೆ. ಆ ಪರಿಮಳ. ಸಾಲುಗಳ ನಡುವೆ ಒಬ್ಬಳು ಕೈಯಲ್ಲಿ ಬಟ್ಟಲು ಹಿಡಿದು ನಡೆದುಬರುತ್ತಿದ್ದಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ ರೀತಿಯಲ್ಲೇ ನಿನ್ನ ಅಮ್ಮನೆಂದು ಗೊತ್ತಾಯಿತು. ಒಂದೊಂದು ಗಿಡದ ಮುಂದೂ ನಿಂತು, ಬಣ್ಣ ಹಚ್ಚಲೋ ಬೇಡವೋ ಎಂದು ಯೋಚಿಸಿ, ಹಚ್ಚದೆ ಮುಂದೆ ಹೋಗುತ್ತಾಳೆ. ಯಾಕೆ ಎಂದು ಕೇಳಬೇಕೆನ್ನುವಷ್ಟರಲ್ಲಿ ಅಶ್ವಥ್ ಎಂಬ ಹುಡುಗ ಎಕ್ಸ್ಟ್ರಾ ಶೀಟ್ ಕೇಳಿದ.

"ನಿನ್ನ ಅಮ್ಮ" ಎಂದು ಬರೆದದ್ದು ಕೈತಪ್ಪಿ. ಗ್ರಾಹಕ ಹಾಗೆ ಬರೆಯುವಂತಿಲ್ಲ. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆಂದು ಹಾಗೇ ಬಿಟ್ಟಿದ್ದೇನೆ.

ಬುಡಕ್ಕೆ ಯಾವ ನಂಬರಿನ ಬಣ್ಣ ಎಂಬುದನ್ನು ತಿಳಿಸಿ. ದಿನ ಹತ್ತಿರ ಬರುತ್ತಿದೆ.

ಇತಿ,
ಚಿದಾನಂದ


ಕಕ್ಕಬೆ
3 ಅಕ್ಟೋಬರ್ 2024

ಗ್ರಾಹಕರೇ,

ನಂಬರು ಬೇರೆ ಚೀಟಿಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಆದರೆ ನಂಬರಿನಿಂದ ಕೆಲಸ ಆಗುವುದಿಲ್ಲ. ಬೆಳಕಿನಲ್ಲಿ ಕೂರಿಸಿ, ಕೂದಲು ಎತ್ತಿ ನೋಡದೆ ಬುಡದ ಬಣ್ಣ ಹೇಳುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ.

ಒಬ್ಬರ ಬಗ್ಗೆ ಬರೆಯಬೇಕು. ದೊಡ್ಡಿ ಅಂತ, ಇಲ್ಲಿಯ ಎಸ್ಟೇಟಿನ ಕೂಲಿಯವರ ಲೈನುಮನೆಯಲ್ಲಿರುವ ಹೆಂಗಸು, ಐವತ್ತು ದಾಟಿರಬಹುದು. ಕಳೆದ ತಿಂಗಳು ಒಂದು ಭಾನುವಾರ ಬಂದು ಬಾಗಿಲಲ್ಲೇ ನಿಂತರು. ಚಪ್ಪಲಿ ಬಿಟ್ಟು ಬರಬೇಕೋ ಹಾಕಿಕೊಂಡು ಬರಬೇಕೋ ಎಂದು ಅನುಮಾನ. ಬಣ್ಣ ಹಾಕಬೇಕಾ ಎಂದು ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಬಣ್ಣ ಬ್ಯಾಡ ಅಕ್ಕ. ಸುಮ್ಮನೆ ತಲೆ ಬಾಚಿಕೊಡಿ. ಅವ್ವ ಹೋದ ಮೇಲೆ ನನ್ನ ತಲೆ ಯಾರೂ ಮುಟ್ಟಲಿಲ್ಲ."

ಕೂದಲಲ್ಲಿ ಸಿಲ್ವರ್ ಓಕಿನ ಎಲೆಯ ಚೂರು ಸಿಕ್ಕಿಕೊಂಡಿತ್ತು. ತೊಳೆದು, ಒಣಗಿಸಿ, ಬಾಚುತ್ತಾ ಬಂದೆ. ಅರ್ಧದಲ್ಲಿ ನಿದ್ದೆ ಹೋದರು. ಮಂಜು ಒಳಗೆ ಬಂತು. ಅವರ ಉಸಿರೂ ಬಾಚಣಿಗೆಯೂ ಒಂದೇ ತಾಳಕ್ಕೆ ಬರುವ ತನಕ ಬಾಚಿದೆ. ಆ ಹೊತ್ತಿನಲ್ಲಿ ನನಗೆ, ಅಪ್ಪ ಹೇಳಿದ ಮಾತು ನೆನಪಾಯಿತು. "ಊರವರ ತಲೆ ತೊಳೆಯೋಕೆ ನಿನ್ನ ಓದಿಸಿದ್ನಾ? ನಾಲ್ಕು ಜನರ ಮುಂದೆ ನಾನು ತಲೆ ತಗ್ಗಿಸೋ ಹಾಗೆ ಮಾಡಿದೆ." ಹೌದು, ಊರವರ ತಲೆಯೇ ತೊಳೆಯುತ್ತಿದ್ದೇನೆ. ಆ ನಾಲ್ಕು ಜನ ಯಾರು ಎಂದು ಮಾತ್ರ ಇನ್ನೂ ಗೊತ್ತಾಗಿಲ್ಲ.

ಇದನ್ನು ಗ್ರಾಹಕರಿಗೆ ಬರೆಯಬಾರದಿತ್ತು. ಕೈತಪ್ಪುವುದು ವಂಶದಲ್ಲೇ ಇರಬೇಕು.

ಬಣ್ಣ ಸರಿಯಾಗಬೇಕಿದ್ದರೆ ಬಂದು ಕುರ್ಚಿಯಲ್ಲಿ ಕೂರಬೇಕು. ಮಡಿಕೇರಿ, ನಾಪೋಕ್ಲು ಹಾದು ಬಸ್ಸು ಬರುತ್ತದೆ. ಅಂಗಡಿಯ ಎದುರೇ ನಿಲ್ಲುತ್ತದೆ.

ಇತಿ,
ಶೋಭಿತಾ


ಕುಶಾಲನಗರ
20 ಅಕ್ಟೋಬರ್ 2024

ಮಾಲೀಕರೇ,

ಗಾಬರಿಯಾಗಬೇಡಿ. ನಾನು ಆರೋಗ್ಯವಾಗಿದ್ದೇನೆ. ಹಸಿರಾಗಿದ್ದೇನೆ, ಅಷ್ಟೆ.

ನಡೆದದ್ದು ಹೀಗೆ. ತಾವು ಕಳಿಸಿದ ನಂಬರಿನ ಬಣ್ಣ ತಂದೆ. ಬಸ್ಸು ಹತ್ತಿ ಬರುವುದಕ್ಕಿಂತ ಹಿಂದಲೆಗೆ ಅಮ್ಮನ ಕೈ ಹಿಡಿಯುವುದು ಸುಲಭ ಎಂದುಕೊಂಡೆ. ಯಾಕೆ ಸುಲಭ ಎಂದು ಕೇಳಬೇಡಿ. ಅಮ್ಮ ಒಪ್ಪಿದರು. ಕೈ ನಡುಗುತ್ತದೆ, ಆದರೆ ಉತ್ಸಾಹ ನಡುಗುವುದಿಲ್ಲ. ಕಲಸುವುದಕ್ಕೆ ಬಟ್ಟಲು ಸಿಗಲಿಲ್ಲವೆಂದು ಬಚ್ಚಲಿನ ಹೊರಗೆ ಬೋರಲು ಹಾಕಿದ್ದ ಪ್ಲಾಸ್ಟಿಕ್ ಮಗ್ ತಂದು, ಅದರಲ್ಲೇ ಕಲಸಿ, ಅದರಲ್ಲೇ ನೀರೂ ಹೊಯ್ದರು. ನನ್ನ ತಮ್ಮ ಸಣ್ಣಸ್ವಾಮಿ ಹಿಂದಿನ ದಿನವಷ್ಟೇ ಮೆಣಸಿನ ಬಳ್ಳಿಗೆ ಹೊಡೆಯಲು ಮೈಲುತುತ್ತ ಅಳೆದದ್ದು ಆ ಮಗ್ಗಿನಲ್ಲೇ.

ತಾವು ಎಂ.ಎ. ಬಿಟ್ಟರೂ ಬಣ್ಣದ ಶಾಸ್ತ್ರ ಬಲ್ಲವರು, ಮುಂದಿನದನ್ನು ಊಹಿಸಬಹುದು. ಕರಿಯ ಕೂದಲಿಗೆ ಏನೂ ಆಗಲಿಲ್ಲ. ಬುಡದಲ್ಲಿ ಮೊಳೆತಿದ್ದ ಬಿಳಿ ಮಾತ್ರ ತಿಳಿಹಸಿರು, ಈಗಷ್ಟೇ ಬೀಜ ಒಡೆದ ಭತ್ತದ ಮಡಿಯ ಹಾಗೆ. ಕಿತ್ತಳೆ ಮೊದಲೇ ಇತ್ತು, ಹಿಂದಲೆಯ ಬಿಳಿಯೂ ಅಲ್ಲಲ್ಲಿ ಉಳಿದಿದೆ, ಈಗ ಹಸಿರೂ ಬಂತು. ಕಾಲೇಜಿನಲ್ಲಿ ನಾನು ನಡೆದುಹೋದರೆ ಎನ್.ಸಿ.ಸಿ. ಹುಡುಗರು ಅಟೆನ್ಷನ್ನಿನಲ್ಲಿ ನಿಂತುಬಿಟ್ಟಾರು ಎಂಬ ಭಯದಿಂದ ಟೋಪಿ ಹಾಕಿಕೊಂಡು ಹೋಗುತ್ತಿದ್ದೇನೆ.

ಸಣ್ಣಸ್ವಾಮಿ ಬಂದು ನೋಡಿ, ಅಣ್ಣ ಇನ್ನು ನಿಂಗೆ ಕೊಳೆರೋಗ ಬರಲ್ಲ ಬಿಡು ಎಂದು ಸಮಾಧಾನ ಹೇಳಿದ. ಅಮ್ಮ ನಗಲಿಲ್ಲ. ಮಗ್ ಕೈಯಲ್ಲಿ ಹಿಡಿದುಕೊಂಡೇ ಜಗಲಿಯಲ್ಲಿ ಕೂತರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು: "ಮಗೀಗೆ ಅಂದಿದ್ದ ಮಾತ ವಾಪಸ್ ತಗೊಳಕ್ಕೆ ನಿಂಗೆ ನಾಚಿಕೆ. ಅದ್ಕೆ ಈ ಮುದುಕಿ ಕೈಲಿ ತಲೆ ಕೆಡಿಸ್ಕಂಡೆ. ನಮ್ ಗಂಗೆ ಇದ್ದಿದ್ರೆ ಹಿಂಗಾಯ್ತಿತ್ತಾ?"

ಇದಕ್ಕೂ ಪರಿಹಾರವಿದ್ದರೆ ತಿಳಿಸಿ. ಬಣ್ಣಕ್ಕೆ.

ಇತಿ,
ಚಿದಾನಂದ


ಕಕ್ಕಬೆ
26 ಅಕ್ಟೋಬರ್ 2024

ಗ್ರಾಹಕರೇ,

ಮೊದಲು ಗಂಭೀರವಾದದ್ದು. ನೆತ್ತಿಯಲ್ಲಿ ಉರಿ, ಗುಳ್ಳೆ ಏನಾದರೂ ಇದ್ದರೆ ಬಣ್ಣದ ಮಾತು ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಮೈಲುತುತ್ತದಲ್ಲಿರುವುದು ತಾಮ್ರ. ತಾಮ್ರ ಕಲೆತ ಮಗ್ಗಿನಲ್ಲಿ ಬಣ್ಣ ಕಲಸಬಾರದು ಎಂದು ಯಾವ ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ. ಪೆಟ್ಟಿಗೆ ಮಾಡಿದವರಿಗೆ ನಮ್ಮ ಊರಿನ ಬಚ್ಚಲು ಗೊತ್ತಿಲ್ಲ.

ಉರಿ ಇಲ್ಲದಿದ್ದರೆ, ಇದರ ಜೊತೆ ಬಸ್ಸಿನಲ್ಲಿ ಒಂದು ಸಣ್ಣ ಬಾಟಲಿ ಕಳಿಸುತ್ತಿದ್ದೇನೆ. ಕಾಚಂಪುಳಿ. ಇಲ್ಲಿಯವರು ಹಂದಿ ಸಾರಿಗೆ ಹಾಕುವ ಹುಳಿ. ಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಪ್ಪಗೆ ಇಳಿಸಿರುತ್ತಾರೆ. ತಾಮ್ರದ ಪಾತ್ರೆಯನ್ನು ಅಜ್ಜಿ ಹುಣಸೆಹುಳಿಯಲ್ಲಿ ಉಜ್ಜುವುದಿಲ್ಲವೇ, ಅದೇ ಲೆಕ್ಕ. ತೊಳೆದ ಮಗ್ಗಿನಲ್ಲಿ ನೀರಿಗೆ ಒಂದು ಚಮಚ. ಬುಡಕ್ಕೆ ಸವರಿ, ಐದು ನಿಮಿಷ ಬಿಟ್ಟು ತೊಳೆಯಿರಿ, ಕಣ್ಣು ಜೋಪಾನ. ವಾರಕ್ಕೊಮ್ಮೆ. ಹಂದಿ ಸಾರಿನದ್ದು ಎಂದು ಅಜ್ಜಿಗೆ ಹೇಳಬೇಡಿ. ಹಸಿರು ಅರ್ಧ ಇಳಿಯಬಹುದು. ಉಳಿದರ್ಧ ಕಾಗದದಲ್ಲಿ ಇಳಿಯುವುದಲ್ಲ.

ಈಗ ಅಂಗಡಿಯ ನಿಯಮ ಮೀರಿ ಒಂದು ವಿಷಯ.

ಈ ಕೆಲಸ ನನಗೆ ಮೈಸೂರಿನ ಕೋರ್ಸಿನಲ್ಲಿ ಬಂದದ್ದಲ್ಲ. ಭಾನುವಾರ ಬೆಳಿಗ್ಗೆ ಅಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಮ್ಮನ್ನು ಕೂರಿಸಿ, ನೀಲಿ ಗೆರೆಯ ಶರ್ಟು ತೊಡಿಸಿ, ಬಣ್ಣ ಹಚ್ಚುತ್ತಿದ್ದರು. ಬಟ್ಟಲು ಹಿಡಿದು ನಿಲ್ಲುವುದು ನನ್ನ ಕೆಲಸ. ನೀವು ಪತ್ರಿಕೆಯಿಂದ ಏನಾದರೂ ಗಟ್ಟಿಯಾಗಿ ಓದುತ್ತಿದ್ದಿರಿ. ನಗುವ ಜಾಗ ಬಂದರೆ ನಿಮ್ಮ ತಲೆ ಅಲುಗಿ, ಅಮ್ಮನ ಬ್ರಷ್ಷು ಕಿವಿಗೆ ಬಡಿದು, ಅವರು ಬೈಯುತ್ತಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಅವರಿಗೆ ಕೈ ಎತ್ತುವುದಕ್ಕೆ ಆಗಲಿಲ್ಲ. ಒಂದು ಭಾನುವಾರ ಬ್ರಷ್ಷು ನನಗೆ ಕೊಟ್ಟು, ಹಿಂದಿನಿಂದ ಶುರು ಮಾಡು, ಅದು ಅಪ್ಪನಿಗೆ ಕಾಣಲ್ಲ, ತಪ್ಪಾದ್ರೂ ಪರವಾಗಿಲ್ಲ ಎಂದು ಮಂಚದ ಮೇಲಿಂದಲೇ ಹೇಳಿಕೊಟ್ಟರು. ನಾಲ್ಕು ವರ್ಷ ನಾನು ಹಚ್ಚಿದೆ. ನನಗೆ ಸಿಕ್ಕ ಮೊದಲ ತಲೆ ನಿಮ್ಮದು. ನನ್ನ ಪಾಠಶಾಲೆ ನಿಮ್ಮ ಹಿಂದಲೆ. ನಿಮಗೆ ಅದು ಕಾಣುವ ಜಾಗವಲ್ಲ, ಹಾಗಾಗಿ ಗೊತ್ತಾಗಲಿಲ್ಲ.

ನವೆಂಬರ್ 24 ಭಾನುವಾರ. ಬೀಳ್ಕೊಡುಗೆಗೆ ಆರು ದಿನ ಮುಂಚೆ. ಅಂದು ಬೇರೆ ಯಾರನ್ನೂ ಬರಹೇಳಿಲ್ಲ. ಕುರ್ಚಿ ಖಾಲಿ ಇರುತ್ತದೆ.

ಶೋಭಿತಾ


ಕಕ್ಕಬೆ
25 ನವೆಂಬರ್ 2024

ಅಪ್ಪ,

ನಿನ್ನೆ ನಾಲ್ಕು ಗಂಟೆಯವರೆಗೆ ಕುರ್ಚಿ ಖಾಲಿ ಇತ್ತು. ಆಮೇಲೆ ಬಾಗಿಲು ಹಾಕಿದೆ.

ಬೀಳ್ಕೊಡುಗೆ ಚೆನ್ನಾಗಿ ಆಗಲಿ. ಪೆಟ್ಟಿಗೆಯಿಂದ ಹೊಸ ಬಣ್ಣ ಏನೂ ಹಚ್ಚಬೇಡಿ. ಇದ್ದ ಹಾಗೇ ಇರಿ.

ಶೋಭಿತಾ


ಕುಶಾಲನಗರ
1 ಡಿಸೆಂಬರ್ 2024, ಭಾನುವಾರ

ಶೋಭಿ,

ಇದು ಗ್ರಾಹಕನ ಪತ್ರವಲ್ಲ.

ನಾನು ಬಂದಿದ್ದೆ.

ಮೊದಲ ಬಸ್ಸು ಹಿಡಿದು, ಹನ್ನೊಂದಕ್ಕೆ ಕಕ್ಕಬೆಯಲ್ಲಿ ಇಳಿದೆ. ಮಂಜು ಇನ್ನೂ ಕರಗಿರಲಿಲ್ಲ. ರಸ್ತೆಯ ಈಚೆ ಟೀ ಅಂಗಡಿ, ಆಚೆ ನಿನ್ನದು. ನಡುವೆ ಬಿಳಿಯ ಹೊಳೆ ಹರಿಯುತ್ತಿದ್ದ ಹಾಗಿತ್ತು. ಬೋರ್ಡಿನಲ್ಲಿ ಗಂಗಾ ಎಂಬ ಎರಡಕ್ಷರ ಒಮ್ಮೆ ತೇಲಿಬರುತ್ತದೆ, ಒಮ್ಮೆ ಮುಳುಗುತ್ತದೆ. ಗಾಜಿನ ಒಳಗೆ ನೀನು ಗಿರಾಕಿಯ ಕುರ್ಚಿಯಲ್ಲಿ ಕೂತು ಬಾಚಣಿಗೆಯನ್ನು ಕೈಯಲ್ಲಿ ತಿರುಗಿಸುತ್ತಿದ್ದೆ. ಎದುರು ಕನ್ನಡಿ, ಪಕ್ಕದಲ್ಲಿ ತಲೆ ತೊಳೆಯುವ ಇನ್ನೊಂದು ಕುರ್ಚಿ, ಅದರ ಹಿಂದೆ ಏನೋ ನೀಲಿಯದು ನೇತಾಡುತ್ತಿತ್ತು. ಕನಸೋ ಎಚ್ಚರವೋ ಎಂದು ನನಗೆ ಈಗಲೂ ಸ್ಪಷ್ಟವಿಲ್ಲ. ಟೀಯ ಬಿಸಿ ಮಾತ್ರ ನೆನಪಿದೆ.

ಎರಡು ವರ್ಷದಿಂದ ಒಂದು ವಾಕ್ಯ ಬರೆದು, ತಿದ್ದಿ, ಮತ್ತೆ ಬರೆದು ಇಟ್ಟುಕೊಂಡಿದ್ದೆ, ಮೊದಲು ಹೇಳುವುದಕ್ಕೆಂದು. ಅದನ್ನು ನೆನಪು ಮಾಡಿಕೊಳ್ಳುತ್ತಿದ್ದಾಗ, ಒಬ್ಬ ಹೆಂಗಸು ಬಂದು ಪಕ್ಕದಲ್ಲಿ ಕೂತರು. ನೀಟಾಗಿ ಜಡೆ ಹಾಕಿದ ತಲೆ. ಅಂಗಡಿಯವನು ದೊಡ್ಡಿ ಎಂದು ಕರೆದದ್ದರಿಂದ ಯಾರೆಂದು ಗೊತ್ತಾಯಿತು. ಪಾರ್ಲರು ತೆರೆದಿದೆಯಾ ಎಂದು ನಾನು ಸುಮ್ಮನೆ ಕೇಳಿದೆ. ಅವರು ಹೇಳಿದ್ದು ಇದು, ಒಂದು ಅಕ್ಷರ ಬಿಡದೆ ಬರೆಯುತ್ತೇನೆ: "ಇವತ್ತು ಯಾರಿಗೂ ಇಲ್ಲ. ಅಕ್ಕನ ಅಪ್ಪ ಬರ್ತಾರಂತೆ. ದೊಡ್ಡ ಮೇಷ್ಟ್ರಂತೆ. ಅಕ್ಕನಿಗೆ ಕೆಲಸ ಕಲಿಸಿದ್ದೇ ಅವರಂತೆ."

ಶೋಭಿ, ಮೂವತ್ತು ವರ್ಷದಲ್ಲಿ ಸಾವಿರಾರು ಮಕ್ಕಳಿಗೆ ಪಾಠ ಹೇಳಿದ್ದೇನೆ. ಒಬ್ಬರಾದರೂ ಟೀ ಅಂಗಡಿಯವರೆಗೆ ನನ್ನ ಹೆಸರು ಮುಟ್ಟಿಸಿದ್ದು ಕೇಳಿಲ್ಲ. ನಾನು ಯಾವುದನ್ನು ಹೇಳಿಕೊಳ್ಳುವುದಕ್ಕೆ ನಾಚಿದೆನೋ, ಅದನ್ನು ನೀನು ನನ್ನ ಹೆಸರಿಗೆ ಹಾಕಿ ಊರಿಗೆಲ್ಲ ಹೇಳಿದ್ದೆ. ನನ್ನ ವಾಕ್ಯ ಬಿದ್ದುಹೋಯಿತು. ಎದ್ದು ರಸ್ತೆ ದಾಟಬೇಕಿತ್ತು. ಆದರೆ ನಾಲ್ಕು ಜನರ ಮುಂದೆ ತಲೆ ತಗ್ಗಿಸುವ ಹಾಗಾಯಿತು ಎಂದವನು, ಆ ನಾಲ್ಕು ಜನರ ಮುಂದೆ ಹೇಳದೆ, ನಿನ್ನೊಬ್ಬಳ ಕಿವಿಯಲ್ಲಿ ತಪ್ಪಾಯಿತು ಎಂದರೆ ಅದು ಬುಡ ಬಿಟ್ಟು ತುದಿಗೆ ಬಣ್ಣ ಹಚ್ಚಿದ ಹಾಗೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಅರ್ಧ ನಿಜ, ಅರ್ಧ ಹೆದರಿಕೆ. ಮಧ್ಯಾಹ್ನದ ಬಸ್ಸು ಹತ್ತಿದೆ. ನಾಲ್ಕರವರೆಗೆ ನೀನು ಕಾದದ್ದು ನಿನ್ನ ಕಾಗದದಿಂದ ತಿಳಿಯಿತು. ಅದನ್ನು ನಾನು ಮರೆಯುವುದಿಲ್ಲ.

ನಿನ್ನೆ ಬೀಳ್ಕೊಡುಗೆ. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಕೊನೆಗೆ ಪರಮೇಶಪ್ಪನವರು ಒಂದು ಮೈಸೂರು ಪೇಟ ತಂದು ನನ್ನ ತಲೆಯ ಮೇಲಿಟ್ಟರು. ನಾಲ್ಕು ತಿಂಗಳು ನಾನು ಪಟ್ಟ ಪಾಡಿಗೆ ಇಷ್ಟು ಸುಲಭದ ಉಪಾಯ ಇದೆಯೆಂದು ಹೊಳೆದೇ ಇರಲಿಲ್ಲ. ಜರಿಯ ಅಂಚಿನ ಕೆಳಗೆ ಬಿಳಿ, ಕಿತ್ತಳೆ, ಹಸಿರು, ಕಪ್ಪು ಎಲ್ಲ ಅಡಗಿಹೋದವು. ಫೋಟೋದವನು ರೆಡಿ ಸಾರ್ ಎಂದ.

ನಾನು ಪೇಟ ತೆಗೆದು ಮೇಜಿನ ಮೇಲಿಟ್ಟೆ. ಸಭೆಯಲ್ಲಿ ಸಣ್ಣ ನಗೆ ಎದ್ದಿತು. ಮೈಕು ಹತ್ತಿರ ಎಳೆದುಕೊಂಡು ಹೇಳಿದೆ:

"ಈ ತಲೆ ನೋಡಿ. ಇದನ್ನ ಸರಿ ಮಾಡೋಕೆ ಗೊತ್ತಿರೋದು ಒಬ್ಬಳಿಗೇ, ನನ್ನ ಮಗಳು ಶೋಭಿತಾಗೆ. ಕಕ್ಕಬೆಯಲ್ಲಿ ಪಾರ್ಲರ್ ಇಟ್ಟಿದ್ದಾಳೆ, ಊರವರ ತಲೆ ತೊಳೀತಾಳೆ, ಬಣ್ಣ ಹಾಕ್ತಾಳೆ. ಎರಡು ವರ್ಷ ನಾನು ಅವಳಿಗೆ ತಲೆ ಕೊಡಲಿಲ್ಲ. ಅದಕ್ಕೇ ಹೀಗಿದೆ."

ನಗೆ ನಿಂತಿತು. ಮುಂದಿನ ಸಾಲಿನಲ್ಲಿ ಕೂತಿದ್ದ ನಿನ್ನ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, ಪಕ್ಕದವರಿಗೆ, ಅವ್ನು ಮೊದಲಿಂದ್ಲೂ ಸ್ವಲ್ಪ ನಿಧಾನ ಎಂದದ್ದು ಮೈಕಿಗೂ ಕೇಳಿತು. ಗೋಡೆಯ ಮೇಲೆ ಈಗ ನಾನು ಬರಿದಲೆಯಲ್ಲೇ ನೇತಾಡುತ್ತೇನೆ. ನಿನ್ನ ಕಾಚಂಪುಳಿ ಅರ್ಧ ಇಳಿಸಿದ ಹಸಿರು ಅದರಲ್ಲಿ ಚೆನ್ನಾಗಿ ಬಂದಿದೆಯಂತೆ.

ಡಿಸೆಂಬರ್ 15 ಭಾನುವಾರ ಬರಲೇ? ಈ ಸಲ ರಸ್ತೆ ದಾಟುತ್ತೇನೆ. ಮಾತಿಲ್ಲ ಎಂದಿದ್ದೆನಲ್ಲ, ಅದನ್ನು ವಾಪಸು ತೆಗೆದುಕೊಂಡಿದ್ದೇನೆ. ಬಂದ ಮೇಲೆ ಏನು ಮಾತಾಡುತ್ತೇನೋ ಗೊತ್ತಿಲ್ಲ. ಪತ್ರಿಕೆ ತರುತ್ತೇನೆ, ಗಟ್ಟಿಯಾಗಿ ಓದುತ್ತೇನೆ. ಗಾಜಿನಿಂದಲೇ ಇನ್ನೊಂದು ನೋಡಿದೆ. ತಲೆ ತೊಳೆಯುವ ನಿನ್ನ ಕುರ್ಚಿಯಲ್ಲಿ ಕೂತವರಿಗೆ ತಲೆ ತಗ್ಗಿಸುವುದಕ್ಕೆ ಆಗುವುದೇ ಇಲ್ಲ. ಹಿಂದಕ್ಕೆ ಒರಗಿ, ಮೇಲೆ ನೋಡಬೇಕು.

ಯಾವ ಬಣ್ಣ ಎಂಬುದು ನಿನಗೆ ಬಿಟ್ಟದ್ದು. ಕಪ್ಪಾದರೂ ಸರಿ, ಬಿಳಿಯೇ ಇರಲಿ ಎಂದರೂ ಸರಿ. ಯಾವ ಶರ್ಟು ಹಾಕಿಕೊಂಡು ಬರಲಿ ಎಂಬುದೊಂದು ಚಿಂತೆ. ಹಳೆಯದನ್ನು ಮತ್ತೆ ಹುಡುಕಿದೆ, ಸಿಗಲಿಲ್ಲ.

ನಿನ್ನ
ಅಪ್ಪ


ಕಕ್ಕಬೆ
6 ಡಿಸೆಂಬರ್ 2024

ಅಪ್ಪ,

ಹದಿನೈದಕ್ಕೆ ಬನ್ನಿ. ಅಜ್ಜಿಯನ್ನೂ ಕರೆದುಕೊಂಡು ಬನ್ನಿ, ಮಗ್ ಮಾತ್ರ ಬೇಡ.

ಶರ್ಟು ಯಾವುದಾದರೂ ಸರಿ, ಬಂದ ಮೇಲೆ ಬದಲಾಯಿಸಿಕೊಳ್ಳಬಹುದು. ಅಜ್ಜಿ ಅದರಲ್ಲಿ ನೆಲ ಒರೆಸಲಿಲ್ಲ. ಮನೆ ಬಿಟ್ಟ ದಿನ ನಾನೇ ಬ್ಯಾಗಿನಲ್ಲಿ ಹಾಕಿಕೊಂಡು ಬಂದೆ. ನೀವು ನೋಡಿದ ನೀಲಿ ಅದೇ. ಅಂಗಡಿ ತೆರೆದ ದಿನದಿಂದ ಆ ಕುರ್ಚಿಯ ಹಿಂದೆ ಮೊಳೆಗೆ ನೇತುಹಾಕಿದ್ದೇನೆ.

ಕಾಲರಿನ ಮೇಲಿನ ಕಲೆ ಅಮ್ಮನದು. ಬಲಭುಜದ ಮೇಲಿನದ್ದು ನನ್ನದು. ಇನ್ನೂ ಜಾಗ ಇದೆ.

ನಿಮ್ಮ
ಶೋಭಿ